ಮಲಗಿಸುವ ಡ್ರಿಲ್

ಸೀಟಿ ಮೇಷ್ಟ್ರು ಪರದೇಶದ ಆ ಮಕ್ಕಳ ಶಾಲೆಗೆ ಕಾಲಿಟ್ಟು ಇನ್ನೂ ಸರಿಯಾಗಿ ಉಸಿರು ಬಿಟ್ಟಿರಲಿಲ್ಲ, ಇಡೀ ಶಾಲೆ ಖಾಲಿಯಾಯಿತು. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ ಎಂದು ಮೇಷ್ಟ್ರು ಹೇಳುತ್ತಾರೆ. ಬೇರೆ ಯಾರೂ ಹಾಗೆ ಹೇಳುವುದಿಲ್ಲ. ಅಂಗಳದಲ್ಲಿ ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದ ಮಕ್ಕಳನ್ನು ಕಂಡದ್ದೇ ತಡ, ಕೈ ತಾನಾಗಿಯೇ ಕೊರಳಿನ ಸೀಟಿಗೆ ಹೋಯಿತು. ಜೀವಮಾನವಿಡೀ ಡ್ರಿಲ್ ಮಾಡಿಸಿದ ಕೈ, ಸುಮ್ಮನಿರುತ್ತದೆಯೇ? ಊದಿಯೇಬಿಟ್ಟರು.

ಆ ಶಾಲೆಯಲ್ಲಿ ಸೀಟಿ ಊದಿದರೆ ಬೆಂಕಿ ಬಿದ್ದಿದೆ ಎಂದರ್ಥವಂತೆ. ಅಡುಗೆಯವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಹೆಡ್‌ಮಿಸ್ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಓಡಿಬಂದರು. ಅದೇ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವ ಮೇಷ್ಟ್ರ ತಂಗಿಯ ಮಗಳು ಏದುಸಿರು ಬಿಡುತ್ತಾ, "ಮಾವಾ, ಬೆಂಕಿ ಎಲ್ಲಿ?" ಎಂದಳು.

"ಬೆಂಕಿನಾ? ಮಕ್ಕಳಿಗೆ ಸಾಲಾಗಿ ನಿಲ್ಲಿ ಅಂದೆ, ಅಷ್ಟೇ ಕಣಮ್ಮ."

ಸೋದರಸೊಸೆ ತಲೆ ಮೇಲೆ ಕೈಹೊತ್ತು ಅಲ್ಲೇ ಕೂತಳು. ಸಂಬಳವಿಲ್ಲದೆ ಸೇವೆ ಮಾಡಲು ನಮ್ಮ ಮಾವ ಬರುತ್ತಾರೆ, ಮಕ್ಕಳೆಂದರೆ ಪ್ರಾಣ ಎಂದು ಎಲ್ಲರ ಮುಂದೆ ಹೊಗಳಿದ್ದವಳು ಅವಳೇ.

ಪ್ರಾಣ ಎಂಬುದು ಮಾತ್ರ ನಿಜ. ನಿವೃತ್ತರಾದ ಮೇಲೆ ಊರಿನಲ್ಲಿ ಮೇಷ್ಟ್ರಿಗೆ ಹೊತ್ತೇ ಹೋಗುತ್ತಿರಲಿಲ್ಲ. ಒಲೆಯ ಮುಂದೆ ನಿಂತ ಹೆಂಡತಿಗೆ ಬೆನ್ನು ನೆಟ್ಟಗೆ ಮಾಡು ಎಂದು ಹೇಳಲು ಹೋಗಿ ಮಂಗಳಾರತಿ ಮಾಡಿಸಿಕೊಂಡಿದ್ದರು. ತಮ್ಮ ಮಾತು ಕೇಳುವ ಮಕ್ಕಳು ಎಲ್ಲೂ ಇಲ್ಲವಲ್ಲ ಎಂಬ ಸಂಕಟ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಇಲ್ಲಿಯೂ ಬೇಡವೆನಿಸಿಕೊಂಡರೆ ಇನ್ನೆಲ್ಲಿಗೆ ಹೋಗುವುದು?

ಹೆಡ್‌ಮಿಸ್ ಸೀಟಿಯನ್ನು ಇಸಿದುಕೊಂಡು ಮೇಜಿನೊಳಗೆ ಹಾಕಿ ಬೀಗ ಜಡಿದರು. ಆಮೇಲೆ ಅವರು ಹೇಳಿದ್ದನ್ನು ಸೊಸೆ ತಿಳಿಸಿದಳು: "ಊಟ ಆದ್ಮೇಲೆ ಪುಟ್ಟ ಮಕ್ಕಳನ್ನ ಮಲಗಿಸ್ಬೇಕಂತೆ ಮಾವ. ಶುಕ್ರವಾರದವರೆಗೆ ನೋಡ್ತಾರಂತೆ. ಆಗ್ಲಿಲ್ಲ ಅಂದ್ರೆ... ಬೇಡವಂತೆ."

"ಮಲಗಿಸೋದಾ? ನಾನು ಎಬ್ಬಿಸಿ ಗೊತ್ತೇ ಹೊರತು ಮಲಗಿಸಿ ಗೊತ್ತಿಲ್ವಲ್ಲೇ!"

ಮಲಗುವ ಕೋಣೆಯಲ್ಲಿ ಕಿಟಕಿಗೆ ನೀಲಿ ಪರದೆ, ನೆಲದ ಮೇಲೆ ಪುಟ್ಟ ಪುಟ್ಟ ಹಾಸಿಗೆ. ಮೇಷ್ಟ್ರು "ಶ್..." ಎಂದರು. ಅವರ ಪಿಸುಮಾತು ಉಳಿದವರ ಕೂಗಿಗೆ ಸಮ. ಮಲಗಿದ್ದ ಇಬ್ಬರೂ ಎದ್ದು ಕೂತರು. ಬೆನ್ನು ತಟ್ಟಿದರೆ ಚೆಂಡು ಪುಟಿಸಿದಂತಾಗಿ ಮಗು ಬಿಕ್ಕಳಿಸಿತು. ಗುಂಗುರು ಕೂದಲಿನ ಒಬ್ಬ ಪೋರಿಯಂತೂ ದಿಂಬಿನ ಮೇಲೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ಮೇಷ್ಟ್ರ ಥರವೇ "ಶ್..." ಎಂದು ಗದರಿದಳು. ಉಳಿದವರು ಬಿದ್ದು ಬಿದ್ದು ನಕ್ಕರು. ಗುರುವಾರ ಹೆಡ್‌ಮಿಸ್ ಬಾಗಿಲಲ್ಲಿ ಇಣುಕಿ, ತಲೆಯಾಡಿಸಿಕೊಂಡು ಹೋದರು.

ಶುಕ್ರವಾರ ಮೇಷ್ಟ್ರು ಬ್ಯಾಗು ತುಂಬಿಕೊಂಡೇ ಬಂದರು. ಹೇಗೂ ಕಳಿಸುತ್ತಾರೆ, ಹೋಗುವ ಮುಂಚೆ ಒಂದು ಸಲವಾದರೂ ಡ್ರಿಲ್ ಮಾಡಿಸೋಣ ಎಂದುಕೊಂಡರು. ಆದರೆ ಮಕ್ಕಳು ಹಾಸಿಗೆ ಬಿಟ್ಟು ಏಳಬಾರದೆಂಬ ನಿಯಮವಿತ್ತಲ್ಲ! ಸರಿ, ತಾವೇ ನೆಲದ ಮೇಲೆ ಅಂಗಾತ ಮಲಗಿ, ಕೈಕಾಲು ನೀಟಾಗಿ ಚಾಚಿ, "ಸಾವಧಾನ್!" ಎಂದರು.

ಮಕ್ಕಳಿಗೆ ಮಾತು ತಿಳಿಯಲಿಲ್ಲ, ಆಟ ತಿಳಿಯಿತು. ಎಲ್ಲರೂ ಕಡ್ಡಿಯ ಹಾಗೆ ನೆಟ್ಟಗಾದರು. "ಒಂದು!" ಬಲಗಾಲು ಮೇಲೆ. "ಎರಡು!" ಕೆಳಗೆ. "ಮೂರು!" ಎಡಗಾಲು. "ನಾಲ್ಕು!" ಕೆಳಗೆ. ಏನು ಖುಷಿ, ಏನು ಕೇಕೆ! ಸ್ವಲ್ಪ ಹೊತ್ತಿಗೆ ಮೇಷ್ಟ್ರಿಗೇ ದಣಿವಾಗಿ ಎಣಿಕೆ ನಿಧಾನವಾಯಿತು, ದನಿ ಇಳಿಯಿತು. ಕಾಲುಗಳು ಒಂದೊಂದಾಗಿ ಮೇಲೇಳುವುದನ್ನು ಬಿಟ್ಟವು. ಕೊನೆಗೆ ಗುಂಗುರು ಕೂದಲಿನವಳದೊಂದೇ ಕಾಲು ಗಾಳಿಯಲ್ಲಿ ತೂಗಾಡಿ ಮೆಲ್ಲಗೆ ಕೆಳಗಿಳಿಯಿತು.

ಮೇಷ್ಟ್ರು ಎದ್ದು ಕೂತು ನೋಡಿದರೆ ಮಕ್ಕಳೆಲ್ಲ ಸಾವಧಾನದಲ್ಲೇ ಗೊರಕೆ ಹೊಡೆಯುತ್ತಿದ್ದರು. ಬಾಗಿಲಲ್ಲಿ ಹೆಡ್‌ಮಿಸ್ ನಿಂತಿದ್ದರು. ನೋಡಿದರು, ಹಾಗೇ ತಿರುಗಿ ಹೊರಟುಹೋದರು.

ಮೇಷ್ಟ್ರು ಕಿರುಚಾಟವೆಲ್ಲ ಆಫೀಸಿಗೆ ಕೇಳಿಸಿರಬೇಕು ಎಂದುಕೊಂಡು ಸದ್ದಾಗದಂತೆ ಬ್ಯಾಗು ಹೆಗಲಿಗೇರಿಸಿದರು. ಬಾಗಿಲು ದಾಟಬೇಕೆನ್ನುವಷ್ಟರಲ್ಲಿ ದಾರಿ ಕಟ್ಟಿತು: ಪಕ್ಕದ ಕೋಣೆಯ ಮಕ್ಕಳು ಒಬ್ಬೊಬ್ಬರೂ ದಿಂಬು ತಬ್ಬಿಕೊಂಡು ನಿಂತಿದ್ದರು. ಹಿಂದೆ ಹೆಡ್‌ಮಿಸ್, ಅವರ ಪಕ್ಕದಲ್ಲಿ ಸೊಸೆ.

"ಮಾವಾ, ಇವರೂ ಮಲಗ್ತಾನೇ ಇಲ್ವಂತೆ," ಎಂದಳು ಸೊಸೆ. "ಇನ್ಮೇಲೆ ದಿನಾ ನೀವೇ ಮಲಗಿಸ್ಬೇಕಂತೆ."

ಮೇಷ್ಟ್ರು ಬ್ಯಾಗನ್ನು ಮೂಲೆಗಿಟ್ಟು, ಕಣ್ಣೊರೆಸಿಕೊಂಡು, ಮತ್ತೆ ನೆಲದ ಮೇಲೆ ಉದ್ದಕ್ಕೆ ಮಲಗಿದರು.