ಕಾಳಿನಂಗಡಿಯ ಮಹಾಯುದ್ಧ

“ಅಂದ್ರ ಜರ್ಮನಿಯಾಂವ ಬಾಜೂದಾವನ ಬದು ಒತ್ತಿದಾ, ಕೇಳಾಕ ಬಂದಾವ್ರೂ ಬಡಿದಾಟಕ್ಕ ಬಿದ್ರು. ತಿಳೀತೇನೋ ಕೇದಾರಿ?” ಎನ್ನುತ್ತ ಮೂಡಲಗಿಯ ಕಾಳಿನ ವ್ಯಾಪಾರಿ ಗುರುಲಿಂಗಪ್ಪ ಗೋಣಿತಟ್ಟಿನ ಮೇಲೆ ಯುದ್ಧದ ನಕಾಶೆಯಂತೆ ತೊಗರಿಯ ರಷ್ಯಾ, ಕಡಲೆಯ ಜಪಾನ್ ಹರಡಿದರು. ಸ್ವರಾಜ್ಯ ಬಂದು ಎಷ್ಟೋ ವರ್ಷವಾದರೂ ಅವರ ಅಂಗಡಿಯಲ್ಲಿ ಯುದ್ಧ ನಡೆದೇ ಇತ್ತು. ಗೋಕಾಕದ ಕಾಲೇಜು ತಪ್ಪಿಸಿ ಪ್ರತಿ ಸಂತೆಗೂ ಬರುವ ಕೇದಾರಿಗೆ ಅದೇ ಹಬ್ಬ. ಸಂತೆಗೆ ಬರುವ ಗಿರಾಕಿ ಅಕ್ಕವ್ವ ತೊಗರಿ ಕೇಳಿದರೆ ಇಡೀ ರಷ್ಯಾ ಅವಳ ಚೀಲ ಸೇರುತ್ತಿತ್ತು. “ಹೋಗ್ಲಿ ಬಿಡು, ರಷ್ಯಾ ದೊಡ್ಡದೈತಿ,” ಎಂದು ಮತ್ತೊಂದು ಬೊಗಸೆ ಸುರಿಯುತ್ತಿದ್ದರು. ಬರ್ಮಾದಲ್ಲಿಟ್ಟ ಒಂದೇ ಅವರೆಕಾಳನ್ನು ಮಾತ್ರ ಯಾರಿಗೂ ಮಾರದೆ ತಮ್ಮ ಎಲೆಯಡಿಕೆ ಸಂಚಿಗೆ ಹಾಕಿಕೊಳ್ಳುತ್ತಿದ್ದರು. “ಯುದ್ಧ ಹೆಂಗ ಮುಗೀತ್ರಿ ಕಾಕಾ?” ಎಂದ ಕೇದಾರಿ. “ಎಲ್ಲಿ ಮುಗದೈತಿ? ಪಲ್ಟಣಿ ಸೇರಿ ಬರ್ಮಾಕ್ಕ ಹೋದ ನನ್ನ ಮಗಾ ಪರಪ್ಪ ಇನ್ನೂ ಮನಿಗಿ ಬಂದಿಲ್ಲ,” ಎಂದು ಸಂಚಿಯ ದಾರ ಬಿಗಿದರು. ಕೇದಾರಿ ಮೆಲ್ಲಗೆ ಎದ್ದ. “ಮುಂದಿನ ಸಂತಿಗಿ ಬರ್ತೇನ್ರಿ ಕಾಕಾ. ಬದು ಒತ್ತಿದಲ್ಲಿಂದ ಮತ್ತ ಹೇಳ್ರಿ.”