ಐದು ನಿಮಿಷಕ್ಕೊಮ್ಮೆ ಮುನಿರಾಜು

ಹೊಟ್ಟೆಕಿಚ್ಚು ನನ್ನ ಸ್ವಭಾವವಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಹಾಗೆ ನಂಬುವುದು ಸುಲಭವಾಗಿತ್ತು. ಪೀಣ್ಯದ ಆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸರ್ವರ್ ರೂಮಿನ ಬೀಗದಕೈ ಹನ್ನೊಂದು ವರ್ಷ ನನ್ನೊಬ್ಬನ ಜೇಬಿನಲ್ಲಿತ್ತು. ಒಳಗೆ ಒಂದು ಯುನಿಕ್ಸ್ ಸರ್ವರ್, ಒಂದು ಏಸಿ. ಹೊರಗೆ 'ಚಪ್ಪಲಿ ಬಿಟ್ಟು ಬನ್ನಿ' ಎಂದು ನಾನೇ ಬರೆದು ತೂಗುಹಾಕಿದ ಫಲಕ. ಮ್ಯಾನೇಜರ್ ಸಾಹೇಬರು ಕೂಡ ಬೂಟು ಬಿಚ್ಚಿಯೇ ಬರುತ್ತಿದ್ದರು. ಇಷ್ಟು ಮರ್ಯಾದೆ ಇರುವವನು ಯಾರನ್ನು ನೋಡಿ ಕರುಬಬೇಕು ಹೇಳಿ?

ಆಮೇಲೆ ಮುನಿರಾಜು ಬಂದ.

ನನಗೆ ಸಹಾಯಕ್ಕೆಂದು ತೆಗೆದುಕೊಂಡ ಮೂವತ್ತರ ಆಸುಪಾಸಿನ ಆಸಾಮಿ. ಊರು ಬೆಂಗಳೂರಿನ ಪೂರ್ವದಂಚಿನ ಹೂಡಿ. ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ, ಅವುಗಳಲ್ಲಿ ಸಾಫ್ಟ್‌ವೇರಿನವರಿದ್ದಾರೆ. ಮನೆ ಬಾಗಿಲಲ್ಲೇ ಅಷ್ಟೊಂದು ಟೆಕ್ ಪಾರ್ಕು ಇಟ್ಟುಕೊಂಡು ಇವನು ಇಡೀ ಬೆಂಗಳೂರನ್ನು ಬೈಕಿನಲ್ಲಿ ದಾಟಿ ಪೀಣ್ಯದ ಧೂಳಿಗೇಕೆ ಬರಬೇಕು? ಕೇಳಿಯೇಬಿಟ್ಟೆ. "ಅಲ್ಲಿ ಮಿಷಿನ್ ಮುಟ್ಟಾಕೆ ಬಿಡಾಕಿಲ್ಲ ಸಾ. ಇಲ್ಲಾದ್ರೆ ಕೈಯಾಗೇ ಐತೆ," ಎಂದ. ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸವನ್ನು ಅವನು ಪ್ರೀತಿಗೆ ಮಾಡುತ್ತಿದ್ದ. ಮೊದಲ ಕಿಡಿ ಬಿದ್ದದ್ದು ಅಲ್ಲಿ.

ಎರಡನೆಯದನ್ನು ಹಾಕಿದವರು ಡಿಸ್ಪ್ಯಾಚ್ ವಿಭಾಗದ ಪದ್ಮಾ ಮೇಡಂ. ಲಾರಿಗಳು ಗೇಟು ದಾಟಬೇಕಾದರೆ ಅವರ ಪ್ರಿಂಟರಿನಿಂದ ಗೇಟ್ ಪಾಸ್ ಬರಬೇಕು, ಅದು ಬರಬೇಕಾದರೆ ನನ್ನ ಸರ್ವರ್ ಓಡಬೇಕು. ಹೀಗಾಗಿ ದಿನಕ್ಕೆ ನಾಲ್ಕು ಸಲವಾದರೂ ಅವರು ನನಗೆ ಫೋನ್ ಮಾಡುತ್ತಿದ್ದರು, ನಾನು ಬೇಸರ ನಟಿಸುತ್ತ ಎತ್ತುತ್ತಿದ್ದೆ. ಒಂದು ದಿನ ಎತ್ತಿದರೆ, "ಮುನಿರಾಜು ಇಲ್ವಾ ಸಾರ್? ಪರ್ವಾಗಿಲ್ಲ ಬಿಡಿ, ಬಂದ್ಮೇಲೆ ಹೇಳಿ," ಎಂದು ಇಟ್ಟುಬಿಟ್ಟರು. ನಾನಿದ್ದೇನಲ್ಲಮ್ಮ ಎಂದು ಸತ್ತ ಫೋನಿಗೆ ಹೇಳಿದೆ. ಆ ದಿನ ಕ್ಯಾಂಟೀನಿನ ಚಿತ್ರಾನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ನಮ್ಮ ಹಿರಿಯರು ಆರು ವೈರಿಗಳ ಪಟ್ಟಿ ಮಾಡುವಾಗ ಮತ್ಸರವನ್ನು ಕೊನೆಯಲ್ಲಿಟ್ಟರು. ಅದು ಸಣ್ಣದೆಂದು ಅಲ್ಲ ಎಂಬುದು ನನ್ನ ಅನುಮಾನ. ಉಳಿದ ಐದರಲ್ಲೂ ಒಂದಿಷ್ಟು ಸುಖವುಂಟು. ಕೋಪಿಷ್ಠನಿಗೆ ಬಯ್ಯುವಷ್ಟು ಹೊತ್ತು ಹಾಯೆನಿಸುತ್ತದೆ, ಲೋಭಿಗೆ ಪೆಟ್ಟಿಗೆ ತೆರೆದು ನೋಡುವ ಖುಷಿಯಿದೆ, ಮದವೇರಿದವನಿಗೆ ಕನ್ನಡಿಯಾದರೂ ಇದೆ. ಮತ್ಸರಿಗೆ ಮಾತ್ರ ಬರೀ ದುಡಿಮೆ. ತನ್ನ ಕೆಲಸ ಬಿಟ್ಟು ಇನ್ನೊಬ್ಬನ ಬಾಗಿಲು ಕಾಯಬೇಕು, ಸಂಬಳವಿಲ್ಲ, ರಜೆಯಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ.

ನಾನು ಕಾಯುವ ಕೆಲಸವನ್ನು ಸರ್ವರಿಗೇ ವಹಿಸಿದೆ. ಮುನಿರಾಜು ಹೊಸ ಹೊಸ ವರದಿಗಳನ್ನು ತಯಾರಿಸಿ ಡಿಸ್ಕಿನ ಮೇಲೆ ಹೊರೆ ಹೇರುತ್ತಿದ್ದಾನೆಂದು ನನ್ನ ಸಂಶಯ, ಸಂಶಯವೇನು, ಆಸೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಅದು ಐದು ನಿಮಿಷಕ್ಕೊಮ್ಮೆ ತಾನಾಗಿ ಎದ್ದು, ಡಿಸ್ಕಿನ ಮೂಲೆಮೂಲೆಯ ಕಡತಗಳನ್ನೆಲ್ಲ ಒಂದೊಂದಾಗಿ ತಡವಿ, ಯಾವುದು ಯಾರದು, ಎಷ್ಟು ದೊಡ್ಡದು, ಯಾವಾಗ ಮುಟ್ಟಿದ್ದು ಎಂದು ಬರೆದಿಡಬೇಕು. ಒಂದು ದಿನ ಆ ಪಟ್ಟಿಯನ್ನು ಮ್ಯಾನೇಜರ್ ಮುಂದಿಟ್ಟು 'ನೋಡಿ ಸಾರ್' ಎಂದು ಸುಮ್ಮನೆ ನಿಲ್ಲುವುದು ನನ್ನ ಕನಸು. ಸ್ಕ್ರಿಪ್ಟಿಗೆ ಒಂದು ಹೆಸರು ಬೇಕಿತ್ತು. ಮನಸ್ಸಿನಲ್ಲಿ ಯಾವುದಿತ್ತೋ ಅದನ್ನೇ ಇಟ್ಟೆ.

ಹತ್ತು ದಿನಕ್ಕೆ ಸರ್ವರ್ ಕುಂಟತೊಡಗಿತು. ಮರುಕ್ಷಣ ಬರುತ್ತಿದ್ದ ಗೇಟ್ ಪಾಸಿಗೆ ಕಾಲು ಗಂಟೆ ಹಿಡಿಯಿತು. ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಅರ್ಧ ಗಂಟೆ ಚೆನ್ನಾಗಿರುತ್ತಿತ್ತು, ಮತ್ತೆ ಅದೇ ರಾಗ. ನನಗೆ ಒಳಗೊಳಗೇ ಹಬ್ಬ. ಯಾರ ಯಾರ ಕೆಲಸಗಳು ಓಡುತ್ತಿವೆ ಎಂಬ ಪಟ್ಟಿ ತೆರೆದು ಮುನಿರಾಜುವಿನ ಖಾತೆಯ ಸಾಲುಗಳನ್ನು ಮಾತ್ರ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾನೆ ನೋಡಿ, ಕಳ್ಳ, ಎಂದುಕೊಂಡೆ.

ಹೀಗೆ ಕುಂಟತೊಡಗಿದ ಮೂರನೆಯ ದಿನ ಬೆಳಿಗ್ಗೆ ಲಾರಿಗಳ ಸಾಲು ಗೇಟಿನಿಂದ ರಸ್ತೆಯ ತಿರುವಿನವರೆಗೆ ಬೆಳೆಯಿತು. ಮಾಕಳಿಯ ಗೋಡೌನಿಗೆ ಎರಡು ಟ್ರಿಪ್ ಹೊಡೆದು ಮುಗಿಸಬೇಕಾಗಿದ್ದ ಡ್ರೈವರ್‌ಗಳು ಹಾರನ್ ಮೇಲೆ ಕೈಯಿಟ್ಟು ಕೂತಿದ್ದರು. ಮ್ಯಾನೇಜರ್ ಸಾಹೇಬರು ಬೂಟು ಬಿಚ್ಚದೆ ರೂಮಿನೊಳಗೆ ಬಂದರು. ಅಲ್ಲಿಗೇ ನನಗೆ ಅರ್ಥವಾಯಿತು. "ಸಂಜೆಯೊಳಗೆ ಕಾರಣ ಹೇಳಿ. ಆಗಲ್ಲ ಅಂದ್ರೆ ಬೀಗದಕೈ ಮುನಿರಾಜು ಹತ್ರ ಕೊಟ್ಬಿಡಿ, ಅವರೇ ನೋಡ್ಕೋತಾರೆ," ಎಂದು ಹೊರಟುಹೋದರು. ಜೇಬಿನೊಳಗೆ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದೆ. ಅದು ಹೋದರೆ ಆ ಕಾರ್ಖಾನೆಯಲ್ಲಿ ನಾನು ಯಾರು?

ಮುನಿರಾಜು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. "ಒಂದ್ಕಿತ ಇಬ್ರೂ ನೋಡೋಣ ಸಾ," ಎಂದ. ನನ್ನ ಹತ್ತಿರ ಪಟ್ಟಿ ಸಿದ್ಧವಿದೆ, ನೋಡುವಷ್ಟು ನೋಡಲಿ ಎಂದುಕೊಂಡೆ.

ಇಲ್ಲಿ ಒಂದು ಮಾತು. ಸರ್ವರ್ ನಿಧಾನವಾದರೆ ಎಲ್ಲರೂ ಮೊದಲು ಬಯ್ಯುವುದು ಅದರ ಮಿದುಳನ್ನು, ಅಂದರೆ ಪ್ರೊಸೆಸರನ್ನು. ಪಾಪ, ಅದು ಮದುವೆಮನೆಯ ಅಡುಗೆಭಟ್ಟರಂತೆ ಒಲೆ ಹೊತ್ತಿಸಿಕೊಂಡೇ ನಿಂತಿರುತ್ತದೆ. ಉಗ್ರಾಣದಿಂದ ಅಕ್ಕಿ ಬರಬೇಕಲ್ಲ? ಡಿಸ್ಕೇ ಆ ಉಗ್ರಾಣ. ಅದರೊಳಗೆ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಮುಳ್ಳು. ಒಂದೇ ಮೂಲೆಯಿಂದ ಮೂಟೆ ತರಲು ಹೇಳಿದರೆ ಸರಸರ ತರುತ್ತದೆ. ಸಾವಿರ ಡಬ್ಬಿಗಳ ಮುಚ್ಚಳ ತೆಗೆದು ಒಳಗೆ ಎಷ್ಟಿದೆ ನೋಡಿ ಬಾ ಎಂದರೆ ಓಡಾಟದಲ್ಲೇ ಸಾಯುತ್ತದೆ. ಉಗ್ರಾಣದ ಬಾಗಿಲಲ್ಲಿ ಎಷ್ಟು ಜನ ನಿಂತಿದ್ದಾರೆ, ಎಷ್ಟು ಹೊತ್ತಿನಿಂದ ಎಂದು ಹೇಳಲು ಯುನಿಕ್ಸಿನಲ್ಲಿ ಒಂದು ಆಜ್ಞೆಯಿದೆ. ಹನ್ನೊಂದು ವರ್ಷದಿಂದ ನನಗೆ ಗೊತ್ತಿದ್ದ ಆಜ್ಞೆ. ಆ ಮೂರು ದಿನ ಅದನ್ನು ಒಮ್ಮೆಯೂ ಕೊಟ್ಟಿರಲಿಲ್ಲ. ಕಳ್ಳ ಯಾರೆಂದು ಮೊದಲೇ ತೀರ್ಮಾನವಾಗಿತ್ತಲ್ಲ.

ಮುನಿರಾಜು ಆ ಆಜ್ಞೆ ಕೊಟ್ಟ. ಡಿಸ್ಕು ನೂರಕ್ಕೆ ನೂರು ದುಡಿಯುತ್ತಿತ್ತು, ಮಿದುಳು ಸುಮ್ಮನೆ ಕಾಯುತ್ತಿತ್ತು. ಕಂಪ್ಯೂಟರಿನ ತೆರೆಗೆ ಮುಖ ತಾಗುವಷ್ಟು ಬಗ್ಗಿ ಅಂಕಿಗಳನ್ನು ನೋಡಿದ. "ಬರೀತಾ ಇಲ್ಲ ಸಾ, ಬರೀ ಓದ್ತಾ ಐತೆ. ಅದೂ ಚೂರುಚೂರು. ಯಾರೋ ಎಲ್ಲಾನೂ ಎಣಿಸ್ತಾವ್ರೆ."

ನನ್ನ ಬೆನ್ನಿನಲ್ಲಿ ಬೆವರು ಇಳಿಯಿತು. ಏಸಿ ಚೆನ್ನಾಗಿಯೇ ಓಡುತ್ತಿತ್ತು. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವಷ್ಟರಲ್ಲಿ ಅವನು ಓಡುತ್ತಿರುವ ಕೆಲಸಗಳ ಪಟ್ಟಿಯನ್ನು ಪೂರ್ತಿ ತೆರೆದ. ತೆರೆಯ ತುಂಬ ಒಂದೇ ಹೆಸರು. ಮುನಿರಾಜು, ಮುನಿರಾಜು, ಮುನಿರಾಜು. ಹದಿನಾಲ್ಕು ಸಲ. ಪ್ರತಿಯೊಂದರ ಎಡಕ್ಕೆ ಮಾಲೀಕನ ಹೆಸರು, ನನ್ನದು.

ಆದದ್ದಿಷ್ಟು. ಮೊದಮೊದಲು ಮೂರು ನಿಮಿಷದಲ್ಲಿ ಎಣಿಸಿ ಮುಗಿಸುತ್ತಿದ್ದ ನನ್ನ ಸ್ಕ್ರಿಪ್ಟಿಗೆ ಕಡತಗಳು ಹೆಚ್ಚಿದಂತೆ ಆರು ನಿಮಿಷ ಬೇಕಾಯಿತು. ಒಂದು ಮುಗಿಯುವ ಮೊದಲೇ ಇನ್ನೊಂದು ಏಳುತ್ತಿತ್ತು, ಅದರ ಹಿಂದೆ ಮತ್ತೊಂದು. ಹದಿನಾಲ್ಕು ಗೂಢಚಾರರು ಒಂದೇ ಉಗ್ರಾಣದಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ. ಊಟಕ್ಕೆ ಲಾರಿ ಡ್ರೈವರ್‌ಗಳನ್ನೂ ಕರೆದಿದ್ದೆ, ಅಷ್ಟೇ ವ್ಯತ್ಯಾಸ.

ಮುನಿರಾಜು ತೆರೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ತೆರೆಯನ್ನು ನೋಡಿದ. "ನಮ್ಮಪ್ಪನೂ ಇಷ್ಟೊಂದು ಕಿತ ನನ್ ಹೆಸ್ರು ಕರ್ದಿಲ್ಲ ಸಾ," ಎಂದ. ಎಲ್ಲವನ್ನೂ ನಿಲ್ಲಿಸಿದ. ಕೆಳಗೆ ಪದ್ಮಾ ಮೇಡಂ ಅವರ ಪ್ರಿಂಟರು ಕರಕರ ಎಂದಿತು. ಸ್ವಲ್ಪ ಹೊತ್ತಿಗೆ ಹಾರನ್‌ಗಳೂ ನಿಂತವು.

ಸಂಜೆ ಮ್ಯಾನೇಜರ್ ಸಾಹೇಬರ ಮುಂದೆ ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿಬಿಟ್ಟ: "ಎಣಿಸೋ ಕೆಲ್ಸ ಒಂದು ಮೈಮ್ಯಾಲೆ ಬಿದ್ದಿತ್ತು ಸಾ. ಇಬ್ರೂ ಸೇರಿ ನಿಲ್ಸಿದ್ವಿ." ಯಾರ ಕೆಲಸ ಎಂದು ಸಾಹೇಬರು ಕೇಳಲಿಲ್ಲ. 'ನನ್ನದು' ಎಂಬ ಮೂರಕ್ಷರ ನನ್ನ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಬೀಗದಕೈ ನನ್ನ ಜೇಬಿನಲ್ಲೇ ಉಳಿಯಿತು. ನಾನು ಸಂತೋಷಪಡಬೇಕಿತ್ತಲ್ಲವೇ? ಅಲ್ಲಿಯವರೆಗೆ ಅವನ ಬುದ್ಧಿಗಷ್ಟೇ ಕರುಬುತ್ತಿದ್ದವನು ಅಂದಿನಿಂದ ಅವನ ದೊಡ್ಡ ಮನಸ್ಸಿಗೂ ಕರುಬಬೇಕಾಯಿತು. ಮಾರನೆಯ ದಿನ ದಾಸರಹಳ್ಳಿಯಲ್ಲಿ ಬೀಗದಕೈಗೆ ಒಂದು ನಕಲು ಮಾಡಿಸಿ ಅವನ ಕೈಗಿಟ್ಟೆ. ಕೊಡುವಾಗಲೂ ಹೊಟ್ಟೆ ಚುರ್ ಎಂದಿತು, ಸುಳ್ಳೇಕೆ ಹೇಳಲಿ.

ಸ್ಕ್ರಿಪ್ಟನ್ನು ಅಳಿಸಿಬಿಡಲು ಕೂತಾಗ ಅವನೇ ತಡೆದ. "ಅಳಿಸ್ಬ್ಯಾಡಿ ಸಾ, ಯಾವತ್ತಾದ್ರೂ ಬೇಕಾಯ್ತದೆ. ಇಷ್ಟು ಕಿತ ಬ್ಯಾಡ ಅಷ್ಟೇ. ಭಾನ್ವಾರ ಲಾರಿ ಇರಾಕಿಲ್ಲ, ವಾರಕ್ಕೊಂದ್ಕಿತ ಓಡ್ಲಿ ಬಿಡಿ," ಎಂದು ತಾನೇ ಸಮಯ ತಿದ್ದಿದ. ಹೆಸರನ್ನು ಮಾತ್ರ ಬದಲಿಸಲಿಲ್ಲ.

ಹೊಟ್ಟೆಕಿಚ್ಚನ್ನು ಬೇರುಸಹಿತ ಕಿತ್ತೆಸೆಯಬೇಕೆಂದು ದೊಡ್ಡವರು ಹೇಳುತ್ತಾರೆ. ನನ್ನಿಂದ ಅದು ಆಗಿಲ್ಲ. ಈಗಲೂ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಚಿಕ್ಕಬಾಣಾವರದ ನಮ್ಮ ಮನೆಯ ಜಗುಲಿಯಲ್ಲಿ ಕೂತು ಅರ್ಧ ಗಂಟೆ ಮುನಿರಾಜುವಿನ ಮೇಲೆ ಮನಸಾರೆ ಕರುಬುತ್ತೇನೆ. ಆ ಹೊತ್ತಿನಲ್ಲಿ ಗೇಟಿನ ಬಳಿ ಯಾರೂ ಕಾಯುತ್ತಿರುವುದಿಲ್ಲ.