ಕೆಂಚಣ್ಣ ಎಳೆದ ಗೀಟುಗಳು

ಹರಿಯಬ್ಬೆಯ ಕೆಂಚಣ್ಣ ಎಂಟನೇ ವಯಸ್ಸಿನಿಂದ ಕುರಿ ಹಿಂದೆ ನಡೆದವನು. ತೊಡೆಸಂದಿಗೆ ಎರಡು ಬೆರಳಿಟ್ಟರೆ ಸಾಕು, ಯಾವ ಕುರಿಗೆ ಜ್ವರ ಎಂದು ಹೇಳಿಬಿಡುತ್ತಿದ್ದ. ಐವತ್ತೆರಡಕ್ಕೆ ಅವನ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆರಡು ಸಲ ಹಿರಿಯೂರಿನಲ್ಲಿ ಡಯಾಲಿಸಿಸ್. ಸೂಜಿ ಚುಚ್ಚಲೆಂದು ಎಡ ಮೊಣಕೈ ಹತ್ತಿರ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದರು. ಅಲ್ಲಿ ಬೆರಳಿಟ್ಟರೆ ಮುಚ್ಚಿದ ಡಬ್ಬಿಯೊಳಗಿನ ಜೇನುನೊಣದಂತೆ ಝುಂಯ್ ಅನ್ನಬೇಕು. ಅದು ನಿಂತರೆ ಆ ಕೈಯಲ್ಲಿ ಡಯಾಲಿಸಿಸ್ಸಿಗೆ ದಾರಿಯೇ ಇಲ್ಲ.

ಡಯಾಲಿಸಿಸ್ ಮಾಡಿಸುವವರ ಎದೆಯ ದೊಡ್ಡ ರಕ್ತನಾಳ ಯಾಕೆ ಗಡುಸಾಗುತ್ತದೆ ಎಂದು ಚಿತ್ರದುರ್ಗದ ಡಾಕ್ಟರ್ ದೇವಿಕಾ ಸಂಶೋಧನೆ ಮಾಡುತ್ತಿದ್ದರು. ಆ ಲೆಕ್ಕಕ್ಕೆಂದು ಕೆಂಚಣ್ಣನಿಗೂ ಒಂದು ಹಾಳೆ ಕೊಟ್ಟು, ದಿನಾ ಎರಡು ಹೊತ್ತು ಕೈ ಮುಟ್ಟಿ ನೋಡಿ, ಝುಂಯ್ ಅಂದರೆ ಒಂದು ಗೀಟು ಎಳೆಯಲು ಹೇಳಿದ್ದರು. ಬೆರಳಲ್ಲೇ ಜ್ವರ ಹೇಳುವ ತನಗೆ ಗೀಟಿನ ಲೆಕ್ಕವೇ ಎಂದು ಕೆಂಚಣ್ಣನಿಗೆ ರೇಗಿತು. ಭಾನುವಾರ ಕೂತು ಇಡೀ ವಾರದ ಗೀಟು ಒಂದೇ ಸಲಕ್ಕೆ ಎಳೆದು ಜೇಬಿಗಿಟ್ಟುಕೊಂಡ.

ಮಂಗಳವಾರ ಮಧ್ಯಾಹ್ನ ಕುರಿ ಮೇಯುವ ಕಾವಲಿನಲ್ಲಿ ಒಂದು ಕುರಿ ಈದಿತು. ಬಲಗೈಲಿ ಕೋಲು, ಮಡಚಿದ ಎಡ ಮೊಣಕೈಯಲ್ಲಿ ಮರಿ. ನಲವತ್ತು ವರ್ಷದ ಅಭ್ಯಾಸ, ಆ ಕೈಗೆ ಭಾರ ಹಾಕಬಾರದೆಂಬುದು ನೆನಪೇ ಆಗಲಿಲ್ಲ. ಎರಡು ಮೈಲಿ ಹಾಗೇ ಮಡಚಿಕೊಂಡು ಬಂದ.

ಬುಧವಾರ ಬೆಳಿಗ್ಗೆ ಹೆಂಡತಿ ನಿಂಗಕ್ಕ ಡಾಕ್ಟರ್ ಹೇಳಿದ ಅಳತೆಯ ನೀರು ಕೊಡುವಾಗ ಅವನ ಎಡ ಮೊಣಕೈ ಮುಟ್ಟಿದಳು. ಬೆರಳು ಸರಿಸಿ ಮತ್ತೆ ಮುಟ್ಟಿದಳು.

"ಇದು ಸುಮ್ನಾಗೈತಲ್ರೀ."

ಹಿರಿಯೂರಿನ ಡಯಾಲಿಸಿಸ್ ಸಿಸ್ಟರ್ ಮೂರು ಕಡೆ ಸ್ಟೆತಸ್ಕೋಪ್ ಇಟ್ಟು ನೋಡಿದಳು. ಚಿತ್ರದುರ್ಗಕ್ಕೆ ಫೋನ್ ಮಾಡಿದಳು. ಹನ್ನೊಂದಕ್ಕೆಲ್ಲ ಗಂಡ ಹೆಂಡತಿ ಚಿತ್ರದುರ್ಗದಲ್ಲಿದ್ದರು.

ಕೆಂಚಣ್ಣ ಜೇಬಿನಿಂದ ಕೊಟ್ಟ ಮಡಚಿದ ಹಾಳೆಯ ಮೇಲ್ಭಾಗವನ್ನು ದೇವಿಕಾ ನೋಡಿದರು. ಬೆಳಿಗ್ಗೆವರೆಗೂ ಝುಂಯ್ ಅನ್ನುತ್ತಿತ್ತು ಎಂದು ಗೀಟು ಇತ್ತು. ಹಾಗಿದ್ದರೆ ರಕ್ತ ಈಗಷ್ಟೇ ಹೆಪ್ಪುಗಟ್ಟಿದೆ, ಔಷಧಿ ಕೊಟ್ಟು ಸಂಜೆವರೆಗೆ ಕಾಯಬಹುದು ಎಂದು ಪಕ್ಕದ ಸರ್ಜನ್‌ಗೆ ಹೇಳಿದರು. ಹಳೆಯ ಹೆಪ್ಪಾಗಿದ್ದರೆ ಕಾದಷ್ಟೂ ಕಷ್ಟ, ಕೊನೆಗೆ ಈ ಕೈ ಡಯಾಲಿಸಿಸ್ಸಿಗೆ ಬರುವುದಿಲ್ಲ ಎಂದರು ಸರ್ಜನ್.

ಕೆಂಚಣ್ಣ ಜನ್ಮದಲ್ಲಿ ತಪ್ಪು ಒಪ್ಪಿಕೊಂಡವನಲ್ಲ. ನಿಂಗಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಕೈ ಚಾಚಿ ಹಾಳೆಯ ಮಡಿಕೆ ಬಿಡಿಸಿದ. ಕೆಳಗೆ ಗುರುವಾರ, ಶುಕ್ರವಾರ, ಶನಿವಾರದ ಗೀಟುಗಳೂ ಸಾಲಾಗಿ ನಿಂತಿದ್ದವು.

"ಇವೆಲ್ಲ ಸುಳ್ಳು, ಮೇಡಂ. ನಿನ್ನೆ ಮಧ್ಯಾಹ್ನ ಈ ಕೈಯಾಗೆ ಮರಿ ಎತ್ಕಂಡು ಬಂದೆ. ಆಮೇಲೆ ಮುಟ್ಟೇ ನೋಡಿಲ್ಲ."

ಬೈಯುತ್ತಾರೆಂದು ತಲೆ ತಗ್ಗಿಸಿದ. ಬೈಯಲು ಯಾರಿಗೂ ಪುರಸೊತ್ತಿರಲಿಲ್ಲ. ಇಪ್ಪತ್ತು ಗಂಟೆ ಆಗಿದೆ, ಈಗಲೇ ಒಳಗೆ ತಗೊಳ್ಳಿ ಎಂದರು ಸರ್ಜನ್.

ಒಂದೂವರೆ ತಾಸಿನ ಮೇಲೆ ಹೆಪ್ಪು ತೆಗೆದು ಅವನನ್ನು ಹೊರಗೆ ತಂದರು. ಕೈಗೆ ಬ್ಯಾಂಡೇಜು. ದೇವಿಕಾ ಹೊಸ ಹಾಳೆ ಕೊಟ್ಟು ಹೋದರು. ಕೆಂಚಣ್ಣ ಪೆನ್ನು ಕೇಳಿದ. ನಿಂಗಕ್ಕ ಪೆನ್ನನ್ನು ಸೆರಗಿನೊಳಗೆ ಹಿಡಿದುಕೊಂಡಳು.

"ಮೊದ್ಲು ಮುಟ್ಟಿ ನೋಡ್ರಿ."

ಬ್ಯಾಂಡೇಜಿನ ಅಂಚಿನಲ್ಲಿ ಎರಡು ಬೆರಳಿಟ್ಟು ಕಣ್ಣು ಮುಚ್ಚಿದ. ಮೊದಲು ಏನೂ ಇಲ್ಲ. ಉಸಿರು ಬಿಗಿಹಿಡಿದ. ಆಮೇಲೆ ಸಣ್ಣಗೆ, ಬಲು ಸಣ್ಣಗೆ, ಝುಂಯ್ ಅಂದಿತು.

"ಐತೆ" ಅಂದ ಅವನ ಮಾತು ನಿಂಗಕ್ಕ ನಂಬಲಿಲ್ಲ. ತಾನೂ ಬೆರಳಿಟ್ಟು ನೋಡಿಯೇ ಪೆನ್ನು ಕೊಟ್ಟಳು.